ಷರಾ

ಹತ್ತೊಂಬತ್ತು ವರ್ಷದಿಂದ ಈ ಪಂಚಾಯ್ತಿಯ ನಡಾವಳಿ
ನನ್ನ ಕೈಬರಹದಲ್ಲೇ ನಡೆದುಬಂದಿದೆ.
ಹುದ್ದೆ ಬಿಲ್ ಕಲೆಕ್ಟರು.
ಅಕ್ಷರ ದುಂಡಗಿದೆ ಎಂಬ ತಪ್ಪಿಗೆ
ಸಭೆಯ ಮೂಲೆಯ ಸ್ಟೂಲು ನನಗೆ ಕಾಯಂ.

ನಿಜ ಹೇಳಬೇಕೆಂದರೆ, ಸಭೆಗೆ ಮೊದಲೇ ಬರೆದಿರುತ್ತೇನೆ:
ವಿಷಯವನ್ನು ಕೂಲಂಕಷವಾಗಿ ಚರ್ಚಿಸಿ
ಸರ್ವಾನುಮತದಿಂದ ತೀರ್ಮಾನಿಸಲಾಯಿತು.
ಆಮೇಲೆ ಗಂಡಸಿ ಹ್ಯಾಂಡ್‌ಪೋಸ್ಟಿಂದ ಉದ್ದಿನವಡೆ ಬರುತ್ತದೆ,
ವಡೆಯ ಪೊಟ್ಟಣದ ಹಿಂದೆಯೇ ಪುಸ್ತಕವೂ ಸುತ್ತುತ್ತದೆ,
ಒಬ್ಬೊಬ್ಬರ ಹೆಬ್ಬೆರಳ ಜಿಡ್ಡಲ್ಲಿ
ಹಾಜರಾತಿ ಹೊಳೆಯುತ್ತದೆ.

ಸಾಮಾಜಿಕ ನ್ಯಾಯ ಸ್ಥಾಯಿ ಸಮಿತಿ ಕೂರುವುದು ಜಗಲಿಯಲ್ಲಿ.
ಒಳಗಿನ ಹಾಲಿನಲ್ಲಿ ಪೈಪು, ಬ್ಲೀಚಿಂಗ್ ಮೂಟೆ, ಸುಟ್ಟ ಮೋಟಾರು.
ಸದಸ್ಯರು ಐದು, ಕುರ್ಚಿ ನಾಲ್ಕು.
ಐದನೆಯವಳು ಮೂರನೇ ವಾರ್ಡಿನ ಈರಗಂಗಮ್ಮ,
ಕಂಬಕ್ಕೆ ಒರಗಿ ನಿಂತೇ ಎರಡು ವರ್ಷ.
ಬಾ ಕೂತ್ಕೋ ಎಂದು ನಾನೂ ಅಂದವನಲ್ಲ.

ನಲ್ಲಿಯ ಹತ್ತಿರ ಹೆಂಗಸರು ಕೇಳಿದರಂತೆ:
'ಅಲ್ಲಿ ಕೂತು ನಮ್ಮದು ಏನು ಮಾತಾಡ್ದೆ?'
'ಕೂತಿಲ್ಲ ಕಣ್ರೇ, ನಿಂತಿದ್ದೆ' ಅಂದಳಂತೆ.
ಯಾರೂ ನಗಲಿಲ್ಲವಂತೆ.

ಶ್ರಾವಣದ ಸಭೆಯಲ್ಲಿ ಪುಸ್ತಕ ಕೈಗೆ ಬಂದಾಗ
ಪೆನ್ನು ಮುಟ್ಟದೆ, 'ಏನ್ ಬರ್ದಿದ್ದೀಯೋ ಓದಪ್ಪ' ಎಂದಳು.
ಗಟ್ಟಿಯಾಗಿ ಓದುವುದು ನಮ್ಮಲ್ಲಿ ರೂಢಿಯಿಲ್ಲ.
ಓದಿದೆ. ಕ್ರಮಸಂಖ್ಯೆ ಏಳು.
ಮೂರನೇ ವಾರ್ಡಿನಿಂದ ಸ್ಮಶಾನಕ್ಕೆ ಹೋಗುವ ದಾರಿಗೆ
ಬೀದಿದೀಪದ ಕೋರಿಕೆಯನ್ನು ಪರಿಶೀಲಿಸಿ,
ಅನುದಾನದ ಲಭ್ಯತೆ ನೋಡಿಕೊಂಡು
ಮುಂದಿನ ಕ್ರಮಕ್ಕೆ ಸರ್ವಾನುಮತದಿಂದ...

'ತಡಿ. ಸರ್ವ ಅಂದ್ರೆ?'
ಎಲ್ಲಾರೂ.
'ನಾನು?'
ನೀನೂ ಸೇರಿ.
'ಯಾವಾಗ ಸೇರಿದ್ದೆ?'

ವಡೆ ಅಗಿಯುವ ಸದ್ದು ನಿಂತಿತು.
ಉಪಾಧ್ಯಕ್ಷರು ಮೊಬೈಲು ನೋಡಿದರು.
ಸ್ಮಶಾನಕ್ಯಾಕಮ್ಮ ಲೈಟು, ಸತ್ತೋರು ಪೇಪರ್ ಓದ್ತಾರಾ
ಎಂದವರು ಯಾರೆಂಬುದು ನಡಾವಳಿಯಲ್ಲಿಲ್ಲ.
ಆಕೆ ಅವರ ಕಡೆ ನೋಡಲೂ ಇಲ್ಲ,
ನನ್ನ ಪೆನ್ನಿಗೇ ಹೇಳಿದಳು:
'ಲೈಟು ಸತ್ತೋರಿಗಲ್ಲ, ಹೊತ್ತೋರಿಗೆ. ಬರ್ಕೋ.
ನಮ್ಮ ಮಾವನ್ನ ಹೊತ್ತಾಗ
ಮುಂದಿನ ಎಡಗಡೆಯೋನು ಚರಂಡಿಗೆ ಬಿದ್ದ.
ಹೆಣ ಒಂದ್ಸಾರಿ ಎದ್ದು ಕೂತಂಗಾಯ್ತು.
ಅದನ್ನೂ ಬರ್ಕೋ.'

ಎಲ್ಲಿ ಬರೆಯಲಿ?
ವಿಷಯ ತುಂಬಿತ್ತು, ತೀರ್ಮಾನ ತುಂಬಿತ್ತು.
ಬಲತುದಿಗೆ ಷರಾ ಎಂಬ ಕಲಮು, ಎರಡು ಬೆರಳಗಲ.
ಇಷ್ಟು ವರ್ಷದಲ್ಲಿ ಅಲ್ಲಿಗೆ ಇರುವೆ ಬಿಟ್ಟರೆ
ಯಾರೂ ಹೋದದ್ದಿಲ್ಲ.
ಅಕ್ಷರ ಮುರಿದು, ಒಂದರ ಕೆಳಗೊಂದು ಇಳಿಸಿದೆ:

ಸತ್ತೋ
ರಿಗಲ್ಲ
ಹೊತ್ತೋ
ರಿಗೆ

ಚರಂಡಿ ಬರೆಯುವಷ್ಟರಲ್ಲಿ ಪುಟ ಮುಗಿಯಿತು.
ಹೆಣ ಎದ್ದು ಕೂತದ್ದು ಮುಂದಿನ ಪುಟಕ್ಕೆ ಹೋಯಿತು.
ಅದರ ಕೆಳಗೆ ಆಕೆ ಸಹಿ ಮಾಡಿದಳು,
ಮಗಳ ಹತ್ತಿರ ಕಲಿತ ಆರು ಅಕ್ಷರ, ನಿಧಾನ,
ಆರಿಹೋದ ಟೀ ಇನ್ನೊಮ್ಮೆ ಬಿಸಿಯಾಗುವಷ್ಟು ನಿಧಾನ.

ಲೆಕ್ಕ ತಪಾಸಣೆಗೆ ಬಂದವರು ಅಲ್ಲಿ ಕೆಂಪು ಸುತ್ತು ಹಾಕಿದರು:
ಇದೇನು? ವಿವರಣೆ ಕೊಡಿ.
ಪಿಡಿಒ ಸಾಹೇಬರು ಎರಡು ದಿನ ನನ್ನೊಡನೆ ಮಾತು ಬಿಟ್ಟರು.
ವಿವರಣೆ ಅರಸೀಕೆರೆ ಮುಟ್ಟಿದೆ, ಹಾಸನಕ್ಕೂ ಹೋಗುತ್ತದಂತೆ.
ದಾರಿಯಲ್ಲಿ ಮೂರು ಕಂಬ ಬಂದು ನಿಂತಿವೆ.
ಬಲ್ಬು ಇರುವುದು ಒಂದಕ್ಕೆ,
ಅದು ಉಪಾಧ್ಯಕ್ಷರ ತೋಟದ ಗೇಟಿನ ಎದುರಿನದು.

ಮೊನ್ನೆ ಹೊಸ ಪುಸ್ತಕ ತೆಗೆದೆ.
ಗೆರೆ ಎಳೆಯುವುದೂ ನನ್ನದೇ ಕೆಲಸ.
ತೀರ್ಮಾನವನ್ನು ಒಂದಿಷ್ಟು ಒತ್ತರಿಸಿ
ಷರಾಕ್ಕೆ ಅಂಗೈಯಗಲ ಜಾಗ ಬಿಟ್ಟೆ.
ಏನಯ್ಯಾ ಇದು, ಎಂದರು ಸಾಹೇಬರು.
ಪುಸ್ತಕ ಹೊಸದು ಸಾರ್, ಎಂದೆ.

ಇವತ್ತು ಸಭೆ.
ಈರಗಂಗಮ್ಮನವರು ಸ್ಟೂಲಿನ ಮೇಲೆ ಕೂತಿದ್ದಾರೆ,
ಕ್ರಮಸಂಖ್ಯೆ ಎರಡರ ಮೇಲೆ ಮಾತಾಡುತ್ತಿದ್ದಾರೆ.
ನಾನು ಕಂಬಕ್ಕೆ ಒರಗಿ ಬರೆಯುತ್ತಿದ್ದೇನೆ.
ನಿಂತು ಬರೆದರೆ ಅಕ್ಷರ
ಅಷ್ಟೊಂದು ದುಂಡಗೆ ಬರುವುದಿಲ್ಲ.